ಬೆಂಕಿ ಮೊದಲೂ ಬೀಳತಿತ್ತು, ಖರೆ. ಹಂಗಾದ್ರ ಈಗೇನು ಬದಲಾಗೇತಿ?

1/10 | ಒಂದೇ ವರ್ಷ, ಮೂರು ಸುದ್ದಿ

2019ರ ಫೆಬ್ರುವರಿ ನೆನಪೈತೇನ್ರಿ? ನಾವೆಲ್ಲ ಆಗ ಸಾಲಿ ಹುಡುಗ್ರು. ಚಾಮರಾಜನಗರ ಜಿಲ್ಲೆಯ ಬಂಡೀಪುರ ಕಾಡಿಗೆ ಬೆಂಕಿ ಬಿತ್ತು. ಹತ್ತು ಸಾವಿರ ಎಕರೆಗಿಂತ ಹೆಚ್ಚು ಕಾಡು ಸುಟ್ಟಿತು. ಕಡೀಕ ವಾಯುಪಡೆಯ ಹೆಲಿಕಾಪ್ಟರ್ ಬಂದು ಮ್ಯಾಲಿಂದ ನೀರು ಸುರಿದ್ವು. ಎಲ್ಲರ ಫೋನ್‌ನಾಗೂ ಅದೇ ವಿಡಿಯೋ.

ಅದೇ ವರ್ಷ ಮೇ ತಿಂಗಳು. ನಮ್ಮ ಅಥಣಿ, ಚಿಕ್ಕೋಡಿ, ರಾಯಬಾಗ ಕಡೆ ಕೃಷ್ಣಾ ಹೊಳಿ ಬತ್ತಿತ್ತು. ಕೊಯ್ನಾದಿಂದ ನೀರು ಬಿಡಿಸ್ರಿ ಅಂತ ಜನ ಕೇಳಾಕತ್ತಿದ್ರು. ಆಗಸ್ಟ್ ಬರೂದ್ರಾಗ ಅದೇ ಹೊಳಿ ಊರೊಳಗ ಬಂತು, ಜನ ದನಕರಾ ಹೊಡಕೊಂಡು ಗಂಜಿ ಕೇಂದ್ರ ಸೇರಿದ್ರು.

ಬೆಂಕಿ, ಬರ, ಮಹಾಪೂರ. ಇವುಗಳ ಬಗ್ಗೆ ಏನರ ಪೋಸ್ಟ್ ಹಾಕಿದ್ರ ಕೆಳಗ ಎರಡು ಪಾರ್ಟಿ ಆಗ್ತಾವು. ಒಂದು ಪಾರ್ಟಿ: "ಇದೆಲ್ಲ ಹವಾಮಾನ ಬದಲಾವಣೆ, ಮುಗೀತು." ಇನ್ನೊಂದು: "ಕಾಡ್ಗಿಚ್ಚು ಮೊದಲಿಂದಲೂ ಐತಿ. ಖಾಂಡವ ವನ ಸುಟ್ಟಾಗ ಯಾವ ಕಾರ್ಖಾನಿ ಇತ್ತಪಾ?"

ಎರಡನೇ ಪ್ರಶ್ನೆಗೆ ನಗೋದು ಬ್ಯಾಡ. ಅದು ಇತಿಹಾಸದ ಪ್ರಶ್ನೆ, ಅದಕ್ಕ ಇತಿಹಾಸದಾಗ ಉತ್ತರ ಐತಿ. ಹತ್ತು ಕಂತಿನಾಗ ಹೇಳ್ತೀನಿ. ಕಡೀ ಕಂತು ನಮ್ಮ ಹೊಲದ್ದು, ಅಲ್ಲೀತನಕ ಬರ್ರಿ.

2/10 | ಒಲಿ ಹಚ್ಚಿದವರಿಗೆ ಇದು ಗೊತ್ತು

ಮಳೆಗಾಲದಾಗ ನೀರೊಲಿ ಹಚ್ಚೂದು ನೋಡೀರಿ? ಕಡ್ಡಿಪೆಟ್ಟಿಗಿ ಇರ್ತದ, ಕಟ್ಟಿಗಿ ಇರ್ತದ, ಆದ್ರ ಕಟ್ಟಿಗಿ ಹಸಿ. ಊದಿ ಊದಿ ಕಣ್ಣಾಗ ನೀರು ಬರ್ತದ, ಉರಿ ಬರೂದಿಲ್ಲ. ಅದೇ ಕಟ್ಟಿಗಿ ಏಪ್ರಿಲ್‌ನಾಗ ಒಂದೇ ಕಡ್ಡಿಗೆ ಹತ್ತತದ.

ಕಾಡಿನ ಬೆಂಕಿಗೂ ಮೂರೇ ಬೇಕು. ಒಂದು, ಕಿಡಿ. ಎರಡು, ಉರುವಲು: ಒಣ ಹುಲ್ಲು, ತರಗೆಲಿ, ಪೊದಿ. ಮೂರು, ಆ ಉರುವಲನ್ನು ಒಣಗಿಸೋ ಹವೆ: ಬಿಸಿಲು, ಒಣ ಗಾಳಿ, ಮಳೆ ಇಲ್ಲದ ದಿನಗಳು.

ಭಾರತದಾಗ ಕಿಡಿ ಎಲ್ಲಿಂದ ಬರ್ತದ ಅನ್ನೋದರಾಗ ಬಹಳ ಗುಟ್ಟಿಲ್ಲ. ನಮ್ಮ ಕಾಡುಗಳಾಗ ಬಹುತೇಕ ಬೆಂಕಿ ಮನುಷ್ಯರಿಂದಲೇ ಹತ್ತೂದು: ಬೀಡಿ ತುಂಡು, ಹೊಸ ಹುಲ್ಲು ಚಿಗುರಲಿ ಅಂತ ದನ ಕಾಯೋರು ಹಚ್ಚಿದ್ದು, ದಂಡೀ ಹೊಲದಿಂದ ನುಗ್ಗಿದ್ದು, ಕೆಲವೊಮ್ಮೆ ಸಿಟ್ಟಿನಿಂದ ಬೇಕಂತಲೇ ಇಟ್ಟಿದ್ದು. "ಹಂಗಾದ್ರ ಹವಾಮಾನದ್ದೇನೂ ತಪ್ಪಿಲ್ಲ" ಅಂತ ಕೆಲವರು ಇಲ್ಲೇ ವಾದ ಮುಗಿಸ್ತಾರ.

ಆದ್ರ ಒಂದು ಕಿಡಿ ಹತ್ತು ಗುಂಟೆ ಸುಟ್ಟು ಆರೂದೋ, ಹತ್ತು ಸಾವಿರ ಎಕರೆ ಸುಡೂದೋ ಅನ್ನೋದನ್ನ ಕಿಡಿ ತೀರ್ಮಾನಿಸೂದಿಲ್ಲ. ಅದನ್ನ ಉಳಿದ ಎರಡು ತೀರ್ಮಾನಿಸ್ತಾವು. ಇತಿಹಾಸದುದ್ದಕ್ಕೂ ಈ ಮೂರು ಹೆಂಗ ಬದಲಾದ್ವು ಅನ್ನೋದೇ ನಮ್ಮ ಕಥಿ.

3/10 | ಕುಮರಿ: ಬೆಂಕಿಯಿಂದ ಮಾಡಿದ ಹೊಲ

ಖಾಂಡವ ದಹನದ ಕಥೆ ಪಂಪನ ಭಾರತದಲ್ಲೂ ಬರುತ್ತದೆ. ಅದು ಕಾವ್ಯ, ಅದರಿಂದ ಎಷ್ಟು ಎಕರೆ ಸುಟ್ಟಿತು ಅಂತ ಲೆಕ್ಕ ತೆಗೆಯೋಕಾಗೂದಿಲ್ಲ. ಆದ್ರ ಕಾಡು ಸುಟ್ಟು ನೆಲ ಮಾಡಿಕೊಳ್ಳೋದು ನಮ್ಮ ಜನಕ್ಕ ಹೊಸದಲ್ಲ ಅನ್ನೋದಂತೂ ಖರೆ.

ಪಶ್ಚಿಮ ಘಟ್ಟದಲ್ಲಿ ಅದಕ್ಕೊಂದು ಹೆಸರೇ ಇತ್ತು: ಕುಮರಿ. ಬೆಟ್ಟದ ಒಂದು ತುಂಡು ಕಾಡನ್ನು ಕಡಿದು, ಒಣಗಿಸಿ, ಮಳೆಗೆ ಮುಂಚೆ ಸುಡೋದು. ಆ ಬೂದಿಯೇ ಗೊಬ್ಬರ. ರಾಗಿ ಮೊದಲಾದ ಧಾನ್ಯ ಬಿತ್ತಿ ಒಂದೆರಡು ವರ್ಷ ಬೆಳೆ ತೆಗೆಯೋದು, ಆಮೇಲೆ ಆ ಜಾಗ ಬಿಟ್ಟು ಮುಂದೆ ಹೋಗೋದು. ಬಿಟ್ಟ ಜಾಗದಲ್ಲಿ ಹತ್ತಾರು ವರ್ಷ ಮತ್ತೆ ಕಾಡು ಬೆಳೆಯುತ್ತಿತ್ತು. ಟಿಪ್ಪು ಸುಲ್ತಾನ್ ತೀರಿಕೊಂಡ ಮೇಲೆ, 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕನನ್ ಕೂಡ ಈ ಕುಮರಿ ಬಗ್ಗೆ ಬರೆದಿದ್ದಾನೆ.

ಗಮನಿಸ್ರಿ, ಇಲ್ಲಿ ಬೆಂಕಿ ಇತ್ತು, ಪ್ರತಿ ವರ್ಷ ಇತ್ತು. ಆದ್ರ ಅದಕ್ಕ ಕಾಲ ಇತ್ತು, ಗಡಿ ಇತ್ತು, ಹಚ್ಚಿದವರು ಯಾರಂತ ಊರಿಗೆ ಗೊತ್ತಿತ್ತು. ಇದೆಲ್ಲ ಚಂದನೇ ಇತ್ತು ಅಂತ ನಾ ಹೇಳೂದಿಲ್ಲ. ಜನ ಹೆಚ್ಚಾದಂಗ, ಬಿಟ್ಟ ಜಾಗಕ್ಕ ಕಾಡು ವಾಪಸ್ ಬರೂದಕ್ಕ ಮೊದಲೇ ಮತ್ತೆ ಸುಟ್ಟ ಕಡೆ ಗುಡ್ಡ ಬೋಳಾಗಿದ್ದೂ ಉಂಟು.

4/10 | ಬೆಂಕಿ ಅಪರಾಧ ಆದದ್ದು ಯಾವಾಗ?

ಬ್ರಿಟಿಷರ ಕಣ್ಣಿಗೆ ನಮ್ಮ ಕಾಡು ಅಂದ್ರ ತೇಗ. ಮೊದಲು ಹಡಗಿಗೆ, ಆಮೇಲೆ ರೈಲು ಹಳಿಯ ಸ್ಲೀಪರ್‌ಗೆ. ಕುಮರಿ ಬೆಂಕಿ ಅಂದ್ರ ಅವರಿಗೆ ರೊಕ್ಕ ಸುಟ್ಟಂಗ.

1847ರಲ್ಲಿ ನಮ್ಮ ಬೆಳಗಾವಿ ಸೇರಿದ್ದ ಬಾಂಬೆ ಪ್ರೆಸಿಡೆನ್ಸಿಗೆ ಅಲೆಕ್ಸಾಂಡರ್ ಗಿಬ್ಸನ್ ಅರಣ್ಯ ಸಂರಕ್ಷಕನಾದ. 1856ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿಗೆ ಹ್ಯೂ ಕ್ಲೆಗ್‌ಹಾರ್ನ್ ಬಂದ. ಇಬ್ಬರೂ ಡಾಕ್ಟರು, ಇಬ್ಬರೂ ಕುಮರಿಯ ವಿರೋಧಿಗಳು. 1860ರಲ್ಲಿ ಮದ್ರಾಸ್ ಸರ್ಕಾರ ಕೆನರಾದ ಸರ್ಕಾರಿ ಕಾಡುಗಳಲ್ಲಿ ಅನುಮತಿ ಇಲ್ಲದ ಕುಮರಿಗೆ ತಡೆ ಹಾಕಿತು. 1864ರಲ್ಲಿ ಇಡೀ ದೇಶಕ್ಕೆ ಅರಣ್ಯ ಇಲಾಖೆ ಬಂತು, ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಅದರ ಮೊದಲ ಮುಖ್ಯಸ್ಥ. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಚ್ಚೋದು ಶಿಕ್ಷೆಯ ಅಪರಾಧ.

ಹಿಂದಿನ ದಿನದ ತನಕ ದನ ಮೇಯಿಸಿದ, ಸೊಪ್ಪು ತಂದ ಕಾಡು ಸರ್ಕಾರದ್ದಾಯಿತು. ಜನ ಸುಮ್ಮನಿರಲಿಲ್ಲ. 1921ರಲ್ಲಿ ಹಿಮಾಲಯದ ಕುಮಾವೂಂದಲ್ಲಿ ಸಿಟ್ಟಿಗೆದ್ದ ಹಳ್ಳಿಗರು ಸರ್ಕಾರಿ ಪೈನ್ ಕಾಡುಗಳಿಗೆ ಬೆಂಕಿ ಇಟ್ಟರು. 1930ರಲ್ಲಿ ನಮ್ಮ ಉತ್ತರ ಕನ್ನಡದಲ್ಲಿ ಜನ ಅರಣ್ಯ ಕಾಯ್ದೆ ಮುರಿದು ಸತ್ಯಾಗ್ರಹ ಮಾಡಿದರು.

ಅಂದ್ರ ಕಿಡಿ ಹಚ್ಚೋ ಕೈ ಅದೇ ಇತ್ತು. ಆದ್ರ ಆ ಕೈಗೂ ಕಾಡಿಗೂ ಇದ್ದ ಸಂಬಂಧ ಹರಿದಿತ್ತು.

5/10 | ಹವಾಮಾನದ ವಾದ ನಿನ್ನೆ ಮೊನ್ನೆದಲ್ಲ

ಈಗ ಬರೋದು ನನಗ ಬಹಳ ಸೇರಿದ ಭಾಗ. "ಹವಾಮಾನ ಬದಲಾವಣೆ ಅನ್ನೋದು ಇತ್ತೀಚಿನ ಫ್ಯಾಶನ್" ಅಂತಾರಲ್ಲ, ನಮ್ಮ ದೇಶದಾಗ ಆ ವಾದಕ್ಕ 150 ವರ್ಷ ಮೀರೇತಿ.

1851ರಲ್ಲಿ ಇದೇ ಕ್ಲೆಗ್‌ಹಾರ್ನ್ ಇದ್ದ ಒಂದು ಸಮಿತಿ ಬ್ರಿಟಿಷ್ ವಿಜ್ಞಾನಿಗಳ ಸಂಘಕ್ಕೆ ವರದಿ ಕೊಟ್ಟಿತು. ವಿಷಯ: ಉಷ್ಣವಲಯದ ಕಾಡು ನಾಶವಾದರೆ ನೆಲ, ನೀರು, ಮಳೆಗೆ ಏನಾಗುತ್ತದೆ? ಆಮೇಲೆ 1876-78ರ ಮಹಾ ಬರ ಬಂತು. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ತತ್ತರಿಸಿದವು. ಕಾಡು ಕಡಿದದ್ದಕ್ಕೇ ಮಳೆ ಹೋಯಿತು ಅಂತ ಬಹಳ ಮಂದಿ ನಂಬಿದರು.

1875ರಲ್ಲಿ ಶುರುವಾದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಮಧ್ಯ ಪ್ರಾಂತ್ಯದ ಮಳೆ ಲೆಕ್ಕ ನೋಡಿ, ಕಾಡು ಕಾಯ್ದ ಮೇಲೆ ಅಲ್ಲಿ ಮಳೆ ಹೆಚ್ಚಾದಂತಿದೆ ಅಂದ. ಮುಂದೆ ಅದೇ ಕುರ್ಚಿಗೆ ಬಂದ ಗಿಲ್ಬರ್ಟ್ ವಾಕರ್ 1910ರಲ್ಲಿ ಇನ್ನೂ ದೊಡ್ಡ ಲೆಕ್ಕ ತೆಗೆದು, ಭಾರತದ ಹವಾಮಾನ ಕಾಯಂ ಆಗಿ ಬದಲಾಗಿದೆ ಅನ್ನೋದಕ್ಕೆ ಪುರಾವೆ ಇಲ್ಲ ಅಂದ. 1877ರ ಆ ಬರದ ಹಿಂದೆ ಪೆಸಿಫಿಕ್ ಸಾಗರದ ದೊಡ್ಡ ಎಲ್ ನಿನೋ ಇತ್ತು ಅಂತ ಇವತ್ತು ಗೊತ್ತು.

ನೋಡ್ರಿ, ಆವತ್ತು "ಹವಾಮಾನ ಬದಲಾಗೇತಿ" ಅಂದವರ ಪುರಾವೆ ಗಟ್ಟಿ ಇರಲಿಲ್ಲ. ಅದಕ್ಕ ವಿಜ್ಞಾನ ಒಪ್ಪಲಿಲ್ಲ. ಇವತ್ತು ಅದೇ ವಿಜ್ಞಾನ, ಇನ್ನೂ ನೂರು ವರ್ಷದ ಅಳತೆ ಕೂಡಿಸಿಕೊಂಡು, ಹೌದು ಬದಲಾಗೇತಿ ಅಂತದ. ಹಿಂದೆ ಇಲ್ಲ ಅಂದವರು ಈಗ ಹೌದು ಅಂದ್ರ ಅದಕ್ಕ ತೂಕ ಜಾಸ್ತಿ.

6/10 | 1896: ಒಂದೇ ವರ್ಷ, ಎರಡು ಬರಹ

1896ರಲ್ಲಿ ಎಚ್. ಸ್ಲೇಡ್ ಅನ್ನೋ ಅರಣ್ಯ ಅಧಿಕಾರಿ 'ಇಂಡಿಯನ್ ಫಾರೆಸ್ಟರ್' ಪತ್ರಿಕೆಗೆ ಒಂದು ಲೇಖನ ಬರೆದ. ಬರ್ಮಾದಲ್ಲಿ ಬೆಂಕಿಯಿಂದ ಕಾಡು ಕಾಯೋದು ಅತಿಯಾಯಿತು ಅನ್ನೋದು ಅವನ ದೂರು. ವರ್ಷಗಟ್ಟಲೆ ಬೆಂಕಿ ಬೀಳದ ಒದ್ದೆ ಕಾಡಿನಲ್ಲಿ ಬಿದಿರು, ಪೊದೆ ಮುಚ್ಚಿಕೊಂಡು, ತೇಗದ ಸಸಿಗೆ ಬಿಸಿಲೇ ಸಿಗುತ್ತಿಲ್ಲ ಅಂದ. ಯಾವ ತೇಗ ಉಳಿಸೋಕೆ ಬೆಂಕಿ ನಿಲ್ಲಿಸಿದರೋ ಅದೇ ತೇಗ ಹುಟ್ಟೋದು ಕಡಿಮೆಯಾಗಿತ್ತು. ಮುಂದೆ ಬರ್ಮಾದ ಕೆಲವು ಕಾಡುಗಳಲ್ಲಿ ಕಟ್ಟುನಿಟ್ಟು ಸಡಿಲಿಸಿದರು.

ಅದೇ 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ಕೈಯಲ್ಲೇ ಲೆಕ್ಕ ಹಾಕಿ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಭೂಮಿ ಐದಾರು ಡಿಗ್ರಿ ಬಿಸಿಯಾಗುತ್ತದೆ ಅಂತ ಬರೆದ. ಅದಕ್ಕೂ 40 ವರ್ಷ ಮೊದಲು, 1856ರಲ್ಲಿ, ಅಮೆರಿಕದ ಯೂನಿಸ್ ಫೂಟ್ ಅನ್ನೋ ಹೆಣ್ಣುಮಗಳು ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಗಾಳಿ ತುಂಬಿ ಬಿಸಿಲಿಗಿಟ್ಟು, ಈ ಅನಿಲ ಎಲ್ಲಕ್ಕಿಂತ ಹೆಚ್ಚು ಕಾಯುತ್ತದೆ ಅಂತ ತೋರಿಸಿದ್ದಳು.

ಒಂದು ಬರಹ ಉರುವಲಿನ ಬಗ್ಗೆ, ಇನ್ನೊಂದು ಹವೆಯ ಬಗ್ಗೆ. ಇಬ್ಬರಿಗೂ ಒಬ್ಬರ ಸುದ್ದಿ ಒಬ್ಬರಿಗೆ ಇರಲಿಕ್ಕಿಲ್ಲ. ಇವತ್ತಿನ ಕಾಡ್ಗಿಚ್ಚು ತಿಳಿಬೇಕಂದ್ರ ಎರಡನ್ನೂ ಒಟ್ಟಿಗೆ ಓದಬೇಕು.

7/10 | ತರಗು ಬೆಂಕಿ

ಬಂಡೀಪುರಕ್ಕೆ ಬಹಳ ದೂರವಲ್ಲದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಇದ್ದಾರೆ. ಬೇಸಿಗೆ ಶುರುವಾಗೋ ಹೊತ್ತಿಗೆ, ನೆಲದಲ್ಲಿ ಇನ್ನೂ ತಂಪು ಇರುವಾಗಲೇ, ಅವರು ಉದುರಿದ ಎಲೆಗೆ ಸಣ್ಣ ಬೆಂಕಿ ಹಚ್ಚುತ್ತಿದ್ದರು. ಅದಕ್ಕೆ ತರಗು ಬೆಂಕಿ ಅನ್ನೋ ಹೆಸರು. ಅದು ನೆಲ ನೆಕ್ಕಿಕೊಂಡು ಹೋಗುವ ಉರಿ, ಮರದ ತಲೆ ಮುಟ್ಟೂದಿಲ್ಲ. ತರಗು ಸುಟ್ಟುಹೋದ್ರ ಏಪ್ರಿಲ್‌ನಾಗ ದೊಡ್ಡ ಬೆಂಕಿಗೆ ತಿನ್ನಾಕ ಏನೂ ಉಳಿಯೂದಿಲ್ಲ.

1974ರಲ್ಲಿ ಆ ಬೆಟ್ಟ ವನ್ಯಜೀವಿ ಧಾಮವಾಯಿತು. ಬೆಂಕಿ ನಿಂತಿತು. ಆಮೇಲೆ ಲಂಟಾನ ಹಬ್ಬಿತು. ಲಂಟಾನ ನಮ್ಮ ಗಿಡ ಅಲ್ಲ, ಅಮೆರಿಕ ಖಂಡದ್ದು, 19ನೇ ಶತಮಾನದ ಆರಂಭದಲ್ಲಿ ಹೂವಿನ ಚಂದಕ್ಕಂತ ತಂದದ್ದು. ತರಗು ಬೆಂಕಿ ಇದ್ದಿದ್ದರೆ ಲಂಟಾನದ ಸಸಿಗಳು ಸಣ್ಣವಿದ್ದಾಗಲೇ ಸಾಯುತ್ತಿದ್ದವು ಅಂತ ಸೋಲಿಗರು ಹೇಳುತ್ತಾರೆ. ಸಂಶೋಧಕರೂ ಅವರ ಈ ಮಾತನ್ನು ದಾಖಲಿಸಿದ್ದಾರೆ. 2011ರಲ್ಲಿ ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಸಮುದಾಯ ಅರಣ್ಯ ಹಕ್ಕಿಗೂ ಮಾನ್ಯತೆ ಸಿಕ್ಕಿತು. ಬೆಂಕಿ ಹಚ್ಚೋ ರೂಢಿಗೆ ಮಾತ್ರ ಅನುಮತಿ ಬರಲಿಲ್ಲ.

"ಹಂಗಾದ್ರ ನಾಳಿಂದ ಎಲ್ಲಾ ಕಡೆ ತರಗು ಬೆಂಕಿ ಹಚ್ಚೂಣು" ಅನ್ನೋಹಂಗಿಲ್ಲ. ಆಳೆತ್ತರ ಬೆಳೆದ ಒಣ ಲಂಟಾನಕ್ಕ ಬೆಂಕಿ ಮುಟ್ಟಿದ್ರ ಅದು ಏಣಿ ಹಾಕಿಕೊಂಡಂಗ ಮರದ ತಲಿಗೇ ಏರ್ತದ. ಮೊದಲು ಲಂಟಾನ ಕಿತ್ತು, ಆಮೇಲೆ ತಿಳಿದವರ ಕೈಯಿಂದ, ಸರಿಯಾದ ತಿಂಗಳಿನಾಗ ಆಗೋ ಕೆಲಸ ಅದು.

8/10 | ಆ ಗ್ರಾಫ್ ನಿಮಗೂ ಬಂದಿರ್ತದ

ಒಂದು ಗ್ರಾಫ್ ವಾಟ್ಸ್ಯಾಪ್‌ನಾಗ ಓಡಾಡ್ತಿರ್ತದ. ಅಮೆರಿಕದಾಗ 1930ರ ಸುಮಾರಿಗೆ ಇವತ್ತಿಗಿಂತ ಎಷ್ಟೋ ಪಟ್ಟು ಹೆಚ್ಚು ಕಾಡು ಸುಡತಿತ್ತು, ನೋಡ್ರಿ ಹವಾಮಾನದ್ದೆಲ್ಲ ಸುಳ್ಳು, ಅನ್ನೋದು.

ಅಂಕಿ ಎಲ್ಲಿಂದ ಬಂತು ಅಂತ ಕೇಳಬೇಕು. 1983ಕ್ಕಿಂತ ಹಿಂದಿನ ಲೆಕ್ಕವನ್ನ ಈಗಿನದರ ಜೊತೆ ಹೋಲಿಸಬ್ಯಾಡ್ರಿ ಅಂತ ಆ ದೇಶದ ಅಗ್ನಿ ಕೇಂದ್ರವೇ ಹೇಳೇತಿ. ಆಗ ಎಣಿಸೋ ರೀತಿ ಬ್ಯಾರೆ, ಬೇಕಂತಲೇ ಸುಟ್ಟ ಜಾಗವೂ ಅದರಾಗ ಕೂಡೇತಿ.

ಅಮೆರಿಕದ ಖರೆ ಕಥಿ ನಮ್ಮದರಂಗೇ ಐತಿ. 1910ರ ಆಗಸ್ಟ್‌ನಲ್ಲಿ ಐಡಹೋ, ಮೊಂಟಾನಾ ಕಡೆ ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟಿತು. ಆ ಹೆದರಿಕೆಗೆ ಎಲ್ಲ ಬೆಂಕಿಯೂ ವೈರಿ ಆಯಿತು. 1935ರಲ್ಲಿ ನಿಯಮ ಬಂತು: ಕಂಡ ಬೆಂಕಿ ಮರುದಿನ ಬೆಳಗ್ಗೆ 10ರೊಳಗೆ ಆರಬೇಕು. ದಶಕಗಟ್ಟಲೆ ಹಂಗೇ ಆರಿಸಿದರು, ಕಾಡಿನೊಳಗೆ ಉರುವಲು ಪೇರುತ್ತಾ ಹೋಯಿತು. ಮೇಲೆ ಹವೆ ಬಿಸಿಯಾಯಿತು. 2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಅನ್ನೋ ಊರೇ ಸುಟ್ಟು 85 ಮಂದಿ ಸತ್ತರು.

ಇನ್ನೊಂದು ಸಂಗತಿ ಕೇಳ್ರಿ. ಉಪಗ್ರಹದ ಲೆಕ್ಕದ ಪ್ರಕಾರ 1998ರಿಂದ 2015ರ ನಡುವೆ ಜಗತ್ತಿನಲ್ಲಿ ಒಟ್ಟು ಸುಡುವ ನೆಲ ಸುಮಾರು ಕಾಲು ಭಾಗ ಕಡಿಮೆಯಾಗಿದೆ. ಇದೂ ಖರೆ. ಕಾರಣ, ಆಫ್ರಿಕಾ ಮುಂತಾದ ಕಡೆ ಹುಲ್ಲುಗಾವಲು ಹೊಲಗಳಾದವು. ಹೊಲದಾಗ ಕಾಡ್ಗಿಚ್ಚು ಓಡೂದಿಲ್ಲ. ಹುಲ್ಲು ಸುಡೋದು ಕಡಿಮೆಯಾದದ್ದು ತೋರಿಸಿ, ದಟ್ಟ ಕಾಡು ಸುಡೋದನ್ನ ಮುಚ್ಚಿಡೋಕಾಗೂದಿಲ್ಲ. ಆಸ್ಟ್ರೇಲಿಯಾದ 2019-20ರ ಬೆಂಕಿ ಹವೆಯನ್ನು ವಿಜ್ಞಾನಿಗಳು ತಾಳೆ ನೋಡಿದಾಗ, ಅಂಥ ಹವೆ ಬರುವ ಸಾಧ್ಯತೆ ಮನುಷ್ಯ ತಂದ ಬಿಸಿಯಿಂದ ಕನಿಷ್ಠ ಶೇ. 30ರಷ್ಟು ಹೆಚ್ಚಾಗಿತ್ತು ಅಂತ ಸಿಕ್ಕಿತು.

9/10 | ಬಾಯಾರಿದ ಗಾಳಿ

ಈಗ ಮೊದಲ ಕಂತಿನ ಪ್ರಶ್ನೆಗೆ ಬರೂಣು. ಒಂದೇ ವರ್ಷದಾಗ ಬೆಂಕಿನೂ, ಮಹಾಪೂರನೂ ಹೆಂಗ?

ಗಾಳಿ ಒಂದು ಡಿಗ್ರಿ ಬಿಸಿಯಾದ್ರ ಅದು ಸುಮಾರು ಶೇ. 7ರಷ್ಟು ಹೆಚ್ಚು ನೀರಿನ ಆವಿ ಹಿಡಕೋತದ. ಅಂಥ ಗಾಳಿ ಬೇಸಿಗೆಯಾಗ ಕಾಡಿನ ಮ್ಯಾಲೆ ಹಾದ್ರ ಎಲಿ, ಹುಲ್ಲು, ಮಣ್ಣಿನಿಂದ ಹೆಚ್ಚು ನೀರು ಹೀರತದ. ಅಂದ್ರ ಉರುವಲು ಲಗೂನ ಒಣಗತದ. ಅದೇ ಗಾಳಿ ಸಮುದ್ರದ ಮ್ಯಾಲಿಂದ ತುಂಬಿಕೊಂಡು ಬಂದು ಘಟ್ಟಕ್ಕ ಬಡದ್ರ, ಮಳೆ ಬರೋ ದಿನ ಒಮ್ಮೆಲೇ ಸುರೀತದ. ಒಂದೇ ನಿಯಮ, ಫೆಬ್ರುವರಿಗೂ ಹೊಂದತದ, ಆಗಸ್ಟ್‌ಗೂ ಹೊಂದತದ. ಕೈಗಾರಿಕೆ ಬೆಳೆಯೋಕೆ ಮುಂಚಿನ ಕಾಲಕ್ಕಿಂತ ಭೂಮಿ ಈಗಾಗಲೇ ಒಂದು ಡಿಗ್ರಿಗಿಂತ ಹೆಚ್ಚು ಬಿಸಿಯಾಗಿದೆ.

ಹಂಗಂತ 2019ರ ಬಂಡೀಪುರದ ಬೆಂಕಿಗೆ ಹವಾಮಾನವೊಂದೇ ಕಾರಣ ಅನ್ನೋದು ತಪ್ಪು. ಕಿಡಿ ಮನುಷ್ಯರದ್ದು. ಉರುವಲು ಒಣಹುಲ್ಲು ಮತ್ತು ಲಂಟಾನದ್ದು. ಹಿಂದಿನ ವರ್ಷದ ಹಿಂಗಾರು ದಕ್ಷಿಣದಲ್ಲಿ ಬಹಳ ಕಡಿಮೆಯಾಗಿ ಕಾಡು ಒಣಗಿತ್ತು. ಎರಡು ವರ್ಷ ಮೊದಲು, 2017ರ ಫೆಬ್ರುವರಿಯಲ್ಲಿ, ಇದೇ ಬಂಡೀಪುರದಲ್ಲಿ ಬೆಂಕಿ ಆರಿಸೋಕೆ ಹೋದ ಯುವ ಅರಣ್ಯ ರಕ್ಷಕರೊಬ್ಬರು ಜೀವ ಕಳಕೊಂಡಿದ್ದರು. ಕೈಯಾಗ ಹಸಿ ಟೊಂಗಿ ಹಿಡಕೊಂಡು ಬೆಂಕಿ ಬಡಿಯೋರಿಗೆ ನಮ್ಮ ಕಾಮೆಂಟಿನ ಜಗಳದಿಂದ ಏನೂ ಉಪಯೋಗ ಇಲ್ಲ. ಹವೆ ಬಿಸಿಯಾದಂಗ ಅವರಿಗೆ ಸಿಗೋ ಹೊತ್ತು ಕಡಿಮೆ ಆಗ್ತದ, ಅಷ್ಟೇ.

10/10 | ಕಾಡಿಲ್ಲದ ಊರಿನ ಬೆಂಕಿ

"ನಮ್ಮ ಕೊಕಟನೂರಾಗ ಕಾಡೆಲ್ಲೈತಿ?" ಅಂತೀರಿ. ಕಾಡಿಲ್ಲ. ಕಬ್ಬು ಐತಿ. ಕಬ್ಬು ಕಡಿಯೋ ಹಂಗಾಮು ಶುರುವಾತಂದ್ರ ಸಂಜಿ ಹೊತ್ತು ಒಂದು ದಿಕ್ಕಿಗಾದ್ರೂ ಹೊಗಿ ಕಾಣತದ. ರವದಿ ಸುಡೂದು.

ಯಾಕ ಸುಡ್ತಾರ ಅನ್ನೋದಕ್ಕ ಕಾರಣ ಐತಿ. ಆಳು ಸಿಗೂದಿಲ್ಲ. ರವದಿ ಇದ್ರ ಕುಳೆ ಕಬ್ಬಿಗೆ ನೀರು ಹಾಯಿಸೂದು, ರೆಂಟಿ ಹೊಡಿಯೂದು ತ್ರಾಸು. ಇಲಿ, ಹಾವಿನ ಹೆದರಿಕಿ. ಕಡ್ಡಿ ಗೀರಿದ್ರ ಒಂದು ತಾಸಿನಾಗ ಹೊಲ ಸ್ವಚ್ಛ. ಹಂಗಾಗಿ ನಮ್ಮ ಅಪ್ಪ, ಕಾಕಾಗೋಳಿಗೆ ಬೈಯೂದರಾಗ ಅರ್ಥ ಇಲ್ಲ.

ಆದ್ರ ಆ ಮೂರನ್ನ ಇಲ್ಲೂ ಎಣಿಸ್ರಿ. ಕಿಡಿ: ನಮ್ಮ ಕಡ್ಡಿ, ಇಲ್ಲಾ ಜೋತುಬಿದ್ದ ಕರೆಂಟ್ ವಾಯರ್. ಉರುವಲು: ಮೊಣಕಾಲ ಮಟ ಒಣ ರವದಿ, ಬಾಜೂಕ ಇನ್ನೂ ಕಡಿಯದ ಕಬ್ಬು. ಹವೆ: ವರ್ಷದಿಂದ ವರ್ಷಕ್ಕ ಲಗೂ ಬರೋ ಬಿಸಿಲು. ಗಾಳಿ ತಿರುಗಿದ್ರ ಬಾಜೂ ಹೊಲದವರ ಒಂದು ವರ್ಷದ ದುಡಿಮಿ ಬೂದಿ. ಸುಟ್ಟ ಕಬ್ಬು ತೂಕ ಕಳಕೊಳ್ಳೋದರೊಳಗ ಕಾರ್ಖಾನಿಗೆ ಸಾಗಿಸೋ ಗಡಿಬಿಡಿ, ರೊಕ್ಕದ ಜಗಳ, ಮುಂದ ಮಾತು ಬಿಟ್ಟ ಮನಿತನಗಳು.

ಬೂದಿ ಗೊಬ್ಬರ ಅನ್ನೋ ಕುಮರಿ ಕಾಲದ ಮಾತು ಅರ್ಧ ಖರೆ. ಪೊಟ್ಯಾಶ್ ಬೂದಿಯಾಗ ಉಳೀತದ. ಸಾರಜನಕದ ಬಹುಭಾಗ ಹೊಗಿಯಾಗಿ ಹೋಗ್ತದ, ಮಣ್ಣಿಗೆ ಸೇರಬೇಕಾದ ಕಸವೂ ಹೋಗ್ತದ. ಕುಮರಿ ಮಾಡೋರು ಹತ್ತಾರು ವರ್ಷ ಆ ನೆಲ ಬಿಡತಿದ್ರು. ನಾವು ಒಂದು ದಿನವೂ ಬಿಡೂದಿಲ್ಲ.

ಬ್ಯಾರೆ ದಾರಿ ಅದಾವು. ಒಂದು ಸಾಲು ಬಿಟ್ಟು ಒಂದು ಸಾಲಿಗೆ ರವದಿ ಹಾಸಿದ್ರ ನೆಲದ ತಂಪು ಆರೂದಿಲ್ಲ, ಕಸಾನೂ ಕಡಿಮಿ. ಟ್ರ್ಯಾಕ್ಟರಿಗೆ ಕಟ್ಟಿ ರವದಿ ಪುಡಿ ಮಾಡೋ ಮಷಿನ್ ಬಂದಾವು, ನಾಲ್ಕು ಮನಿತನ ಕೂಡಿ ಬಾಡಿಗಿ ತರಬಹುದು. ಸುಡೂದೇ ಅನಿವಾರ್ಯ ಆದ್ರ ಸುತ್ತ ರವದಿ ಸರಿಸಿ ಪಟ್ಟಿ ಬಿಡ್ರಿ, ಗಾಳಿ ಇಲ್ಲದ ಹೊತ್ತು ನೋಡ್ರಿ, ಬಾಜೂ ಹೊಲದವರಿಗೆ ಹೇಳ್ರಿ, ನೀರು ತಯಾರಿಡ್ರಿ. ಸೋಲಿಗರು ಮಾಡತಿದ್ದದ್ದು ಇದೇ: ಕಾಲ, ಗಡಿ, ಕಾವಲು.

ಇನ್ಮುಂದೆ ಯಾರರ "ಬೆಂಕಿ ಮೊದಲೂ ಬೀಳತಿತ್ತು" ಅಂದ್ರ ಜಗಳ ಮಾಡಬ್ಯಾಡ್ರಿ. ಹೌದ್ರಿ, ಬೀಳತಿತ್ತು ಅನ್ರಿ. ಆಮ್ಯಾಲೆ ಕೇಳ್ರಿ: ಆಗ ಯಾರು ಹಚ್ಚತಿದ್ರು, ಯಾವ ತಿಂಗಳದಾಗ, ಎಷ್ಟು ಉರುವಲಿತ್ತು, ಗಾಳಿ ಎಷ್ಟು ಒಣಗಿತ್ತು?

ಒಂದು ಕೆಲಸ ಹೇಳ್ತೀನಿ. ಮನ್ಯಾಗ ಅಜ್ಜ, ಅಮ್ಮ ಇದ್ರ ಕೇಳ್ರಿ: ನಿಮ್ಮ ಕಾಲದಾಗ ರವದಿ ಏನು ಮಾಡತಿದ್ರಿ? ಗುಡಿಸಲಕ್ಕ ಹೊಚ್ಚತಿದ್ರೋ, ದನದ ಕಾಲ ಕೆಳಗ ಹಾಸತಿದ್ರೋ, ಬೆಲ್ಲದ ಗಾಣದ ಒಲಿಗೆ ಹಾಕತಿದ್ರೋ? ಸುಡೂದು ಯಾವಾಗ ಶುರುವಾತು? ಅವರು ಹೇಳಿದ್ದನ್ನ ಕಾಮೆಂಟಿನಾಗ ಬರೀರಿ, ಊರ ಹೆಸರು ಹಾಕ್ರಿ. ನಮ್ಮ ಭಾಗದ ಬೆಂಕಿಯ ಇತಿಹಾಸ ಇನ್ನೂ ಯಾರೂ ಕೂಡಿಸಿ ಬರೆದದ್ದು ನಾ ನೋಡಿಲ್ಲ. ಇಲ್ಲಿಂದಲೇ ಶುರು ಮಾಡೂಣು.

ಸೇವ್ ಮಾಡ್ರಿ, ಕಬ್ಬಿನ ಹೊಲ ಇರೋ ದೋಸ್ತಗ ಕಳಿಸ್ರಿ.

#ಕೊಕಟನೂರ #ಅಥಣಿ #ಕಾಡ್ಗಿಚ್ಚು #ಬಂಡೀಪುರ #ರವದಿ #ಹವಾಮಾನ #ಇತಿಹಾಸ